ಉಲ್ಟಾ ಗಿಟಾರ್

“ಚಾಚಾ, ಗಿಟಾರ್ ಉಲ್ಟಾ ಹಿಡದೀರಿ,” ಎಂದ ಶ್ರೀಶೈಲ.

ಫಿರೋಜ ತನ್ನ ಕೈಗಳನ್ನೇ ನೋಡಿಕೊಂಡ. ಎಡಗೈ ತಂತಿಯ ಮೇಲಿತ್ತು, ಬಲಗೈ ಗಿಟಾರಿನ ಕುತ್ತಿಗೆಯ ಮೇಲೆ. “ನಾ ಎಡಚ ಅದೀನ್ರಿ ಸಾವ್ಕಾರ್ರ. ಆರ್ಕೆಸ್ಟ್ರಾ ಇರೂತನಕ ಇದನ್ನ ಹಿಂಗ ಹಿಡದು ಬಾರಿಸೇನಿ.”

“ಅದು ಖರೆ ಇರಬಹುದ್ರಿ. ಆದ್ರ ಸವೆದ ಗುರ್ತು ಬಲಗೈಯವರ ಕಡೆ ಐತಲ್ಲ?”

ಶ್ರೀಶೈಲನಿಗೆ ಸಿಂದಗಿಯಲ್ಲಿ ಸಿಮೆಂಟಿನ ವ್ಯಾಪಾರ. ಹುಚ್ಚು ಮಾತ್ರ ಹಳೆಯ ಬೇಸ್ ಗಿಟಾರ್ ಮತ್ತು ವಾಲ್ವಿನ ಆಂಪ್ಲಿಫೈಯರ್‌ಗಳದ್ದು. ಫಿರೋಜನ ಆರ್ಕೆಸ್ಟ್ರಾ ಮುಚ್ಚಿದ ಮೇಲೆ ಮೂಲೆ ಸೇರಿದ್ದ ಈ ಗಿಟಾರ್ ಝಳಕಿಯ ಶಾಮಿಯಾನದವರ ಗೋದಾಮಿನಲ್ಲಿ ಸಿಕ್ಕಾಗ, ಸದ್ದು ಏರಿಳಿಸುವ ಗುಂಡಿಗಳಿದ್ದ ಬದಿಯಲ್ಲಿ ಅಂಗೈಯಗಲ ಬಣ್ಣ ಹೋಗಿ ಕಟ್ಟಿಗೆ ಕಾಣುತ್ತಿತ್ತು. ಅಲ್ಲಿ ಯಾವ ಕಲಾವಿದನ ಕೈಯೂ ಊರುವುದಿಲ್ಲ, ಇದು ಇಲಿಯ ಕೆಲಸವೇ ಸರಿ ಎಂದು ತೀರ್ಮಾನಿಸಿ ಅವನು ಮೈತುಂಬ ಹೊಸ ಬಣ್ಣ ಹೊಡೆಸಿದ. ಹೊಡೆಸಿದ ಮೇಲೆ ನೋಡಿದರೆ ಅದು ಮೊನ್ನೆ ಕೊಂಡು ತಂದ ಹಾಗಿತ್ತು. ಹೊಸದಾದರೆ ಯಾರು ಮೂಸಿ ನೋಡುತ್ತಾರೆ? ಇಂಟರ್ನೆಟ್ಟಿನಲ್ಲಿ ಹುಡುಕಿ, ಬಲಗೈಯವರ ತೋಳು ಊರುವ ಇನ್ನೊಂದು ಬದಿಗೆ ಸ್ಯಾಂಡ್ ಪೇಪರ್ ಹಾಕಿ ಉಜ್ಜಿ ಉಜ್ಜಿ ಹಳೆಯದು ಮಾಡಿದ. ಫಿರೋಜನ ತೋಳು ವರ್ಷಾನುಗಟ್ಟಲೆ ಮಾಡಿದ್ದನ್ನು ಒಂದೇ ರವಿವಾರ ಮಾಡಿ ಮುಗಿಸಿದ್ದಕ್ಕೆ ಅವನಿಗೆ ಬಹಳ ಹೆಮ್ಮೆಯಿತ್ತು.

ಈಗ ವಿಡಿಯೊ ಆಗಬೇಕಿತ್ತು. ಗಿಟಾರಿನ ಜೊತೆ ಅದನ್ನು ನುಡಿಸಿದವನೂ ಕಂಡರೆ ಪುಣೆಯ ಗೆಳೆಯರು ಹೊಟ್ಟೆ ಉರಿದುಕೊಳ್ಳುತ್ತಾರೆ. ಅದಕ್ಕೇ ಇಂಡಿ ಊರಿನಿಂದ ಫಿರೋಜನನ್ನು ಕರೆಸಿದ್ದ. ವಿಡಿಯೊ ಮುಗಿದ ಮೇಲೆ ಮನಸಾರೆ ಒಂದು ಹಾಡು ನುಡಿಸಬಹುದು ಎಂದು ಮಾತು ಕೊಟ್ಟಿದ್ದ. ಆ ಒಂದು ಹಾಡಿಗಾಗಿಯೇ ಫಿರೋಜ ತನ್ನ ಕನ್ನಡಕದ ಅಂಗಡಿಗೆ ಬೀಗ ಹಾಕಿ, ಮಗಳು ಆಯೇಶಾಳನ್ನೂ ಕರೆದುಕೊಂಡು ಬಂದಿದ್ದ. ಅವಳು ಹುಟ್ಟುವ ಹೊತ್ತಿಗೆ ಆರ್ಕೆಸ್ಟ್ರಾ ಮುಚ್ಚಿತ್ತು. ಮುದ್ದೇಬಿಹಾಳದ ಮದುವೆ, ಬಾಗೇವಾಡಿಯ ಕಾರ್ಯಕ್ರಮ ಎಂದು ಅಪ್ಪ ಹೇಳಿದ್ದನ್ನೆಲ್ಲ ಕೇಳಿ ಬೆಳೆದವಳು, ಅಪ್ಪ ನುಡಿಸಿದ್ದನ್ನು ಒಮ್ಮೆಯೂ ಕೇಳಿರಲಿಲ್ಲ.

ಫಿರೋಜ ಜೋಪಾನವಾಗಿ ತಂದಿದ್ದ ಹಳೆಯ ಫೋಟೊ ತೆಗೆದು ತೋರಿಸಿದ. “ನೋಡ್ರಿ, ಇದರಾಗೂ ಎಡಗೈಲೇ ಬಾರಿಸಾಕತ್ತೇನಿ.”

ಶ್ರೀಶೈಲ ಫೋಟೊವನ್ನು ಹಿಂದೆ ಮುಂದೆ ತಿರುವಿದ. “ಚಾಚಾ, ಈ ಫೋಟೊನ ಉಲ್ಟಾ ಪ್ರಿಂಟ್ ಆಗೇತ್ರಿ. ಚಿಂತಿ ಮಾಡಬ್ಯಾಡ್ರಿ, ನಾ ಸೀದಾ ಮಾಡಿಸಿ, ಫ್ರೇಮ್ ಹಾಕಿಸಿ ಕಳಸ್ತೇನಿ.” ಫೋಟೊದ ನಡುವಿನ ದೊಡ್ಡ ಡ್ರಮ್ಮಿನ ಮೇಲೆ ‘ಗುಲ್‌ಮೊಹರ್ ಆರ್ಕೆಸ್ಟ್ರಾ’ ಎಂಬ ಹೆಸರು ನೆಟ್ಟಗೇ ಇತ್ತು. ಅದನ್ನು ಓದುವ ಗೋಜಿಗೆ ಅವನು ಹೋಗಲಿಲ್ಲ.

ಫಿರೋಜ ಗಿಟಾರನ್ನು ತಿರುಗಿಸಿ ಬಲಗೈಯವರಂತೆ ಹಿಡಿದ. ಬೆರಳುಗಳು ಗುರುತಿಲ್ಲದ ಮನೆಗೆ ಬಂದವರ ಹಾಗೆ ನಿಂತುಬಿಟ್ಟವು. ಪಕ್ಕದಲ್ಲಿ ಆಂಪ್ಲಿಫೈಯರಿನ ಗಾಜಿನ ವಾಲ್ವುಗಳು ಕೆಂಪಗೆ ಉರಿಯುತ್ತಿದ್ದವು. ಗಿಟಾರಿನ ವೈರನ್ನು ಮಾತ್ರ ಅದಕ್ಕೆ ಸೇರಿಸದೆ ಹಿಂದೆ ಸುಮ್ಮನೆ ಸಿಕ್ಕಿಸಲಾಗಿತ್ತು. “ಬರೇ ಕೈ ಆಡಸ್ರಿ, ಸಾಕು. ಸೌಂಡ್ ನಾ ಆಮ್ಯಾಲ ಹಾಕ್ತೇನಿ,” ಎಂದ ಶ್ರೀಶೈಲ. ಫಿರೋಜ ಕೈ ಆಡಿಸಿದ.

ವಿಡಿಯೊ ಮುಗಿಯಿತು. ಫಿರೋಜ ಗಿಟಾರನ್ನು ಮತ್ತೆ ತನ್ನ ಕೈಗೆ ತಿರುಗಿಸಿಕೊಂಡು ಮಗಳ ಕಡೆ ನೋಡಿ ನಕ್ಕ. ಅಷ್ಟರಲ್ಲಿ ಶ್ರೀಶೈಲ ಅದನ್ನು ಇಸಿದುಕೊಂಡು ಮೆತ್ತನೆಯ ಬಟ್ಟೆಯಿಂದ ತಂತಿ ಒರೆಸತೊಡಗಿದ್ದ.

“ಇವತ್ತ ಬ್ಯಾಡ್ರಿ ಚಾಚಾ. ಕೈ ಬೆವರಿಗೆ ತಂತಿ ಜಂಗ ಹಿಡೀತಾವ. ಸ್ಪೀಕರಿನ ಕಾಗದಾನೂ ಹಳೇದೈತಿ, ಬಾರಿಸಿದ್ರ ಹರೀತೈತಿ.”

“ಬಾರಿಸೂದ ಇಲ್ಲಂದ್ರ ಇದನ್ನ ರಿಪೇರಿ ಯಾಕ ಮಾಡಿದ್ರಿ?” ಎಂದಳು ಆಯೇಶಾ.

“ರಿಪೇರಿ ಅನಬ್ಯಾಡ ತಂಗಿ. ಇದಕ್ಕ ರೆಸ್ಟೊರೇಷನ್ ಅಂತಾರ,” ಎಂದ ಶ್ರೀಶೈಲ, ಮಣ್ಣಿನ ಮನೆಯವರಿಗೆ ಸಿಮೆಂಟಿನ ಗುಣ ತಿಳಿಸಿ ಹೇಳುವ ದನಿಯಲ್ಲಿ.

ಇಂಡಿಯ ಬಸ್ಸಿನಲ್ಲಿ ಫಿರೋಜನಿಗೆ ಮಗಳ ಮುಖ ನೋಡಲು ನಾಚಿಕೆಯಾಯಿತು. ಕಿಟಕಿಯ ಹೊರಗೆ ನೋಡುತ್ತಲೇ, “ನಾ ಖರೇನ ಚಲೋ ಬಾರಸ್ತಿದ್ದೆ, ಬೇಟಾ,” ಎಂದ.

“ಗೊತ್ತೈತ್ರಿ ಅಬ್ಬಾ,” ಎಂದಳು ಆಯೇಶಾ. ಅವಳಿಗೆ ಗೊತ್ತಿರಲಿಲ್ಲ.

ವಿಡಿಯೊ ಇಂಟರ್ನೆಟ್ಟಿನಲ್ಲಿ ಬಂತು. ಅದರಲ್ಲಿ ಯಾರೋ ನುಡಿಸಿದ ಸಂಗೀತಕ್ಕೆ ಫಿರೋಜನ ಕೈ ತಡಬಡಾಯಿಸುತ್ತಿತ್ತು. ಕೆಳಗೊಬ್ಬರು, ‘ಗಿಟಾರ್ ಸೂಪರ್, ಆದರೆ ಈ ಅಜ್ಜನಿಗೆ ಅದನ್ನು ಹಿಡಿಯಲೂ ಬರುವುದಿಲ್ಲ’ ಎಂದು ಬರೆದಿದ್ದರು. ಶ್ರೀಶೈಲ ಅದಕ್ಕೆ ನಗುವ ಮುಖ ಒತ್ತಿದ್ದ.

ಕೆಲವು ದಿನಗಳ ಮೇಲೆ ಫೋಟೊವೂ ಬಂತು, ಬಂಗಾರದ ಬಣ್ಣದ ಫ್ರೇಮಿನಲ್ಲಿ. ಅಸಲು ಫೋಟೊವನ್ನು ಸುರಕ್ಷಿತವಾಗಿರಲೆಂದು ಶ್ರೀಶೈಲ ತನ್ನಲ್ಲೇ ಇಟ್ಟುಕೊಂಡಿದ್ದ. ಹೇಳಿದಂತೆ ಸೀದಾ ಮಾಡಿಸಿದ್ದ: ಫಿರೋಜ ಈಗ ಬಲಗೈಯಲ್ಲಿ ನುಡಿಸುತ್ತಿದ್ದ. ಉಳಿದವರೆಲ್ಲ ಎಡಚರಾಗಿದ್ದರು. ತಬಲಾದ ಪರಪ್ಪನ ಕೈಗಡಿಯಾರ ಆ ಕೈ ಬಿಟ್ಟು ಈ ಕೈಗೆ ಬಂದಿತ್ತು. ಒಬ್ಬನನ್ನು ತಿದ್ದುವುದಕ್ಕಾಗಿ ಇಡೀ ಆರ್ಕೆಸ್ಟ್ರಾವನ್ನೇ ತಿರುಗಿಸಿ, ಡ್ರಮ್ಮಿನ ಮೇಲಿನ ಹೆಸರನ್ನು ಯಾವ ಭಾಷೆಯೂ ಅಲ್ಲದ ಹಾಗೆ ಮಾಡಿಟ್ಟಿದ್ದ.

ಫಿರೋಜ ಅದನ್ನು ಕೌಂಟರಿನ ಕೆಳಗೆ ತುರುಕಲು ಹೋದ. ಆಯೇಶಾ ಬಿಡಲಿಲ್ಲ. ಗಿರಾಕಿಗಳು ಕನ್ನಡಕ ಹಾಕಿಕೊಂಡು ಮುಖ ನೋಡಿಕೊಳ್ಳುವ ಕನ್ನಡಿಯನ್ನು ತಂದು ಫೋಟೊದ ಎದುರು ಹಿಡಿದಳು. ಅಕ್ಷರ ನೆಟ್ಟಗಾಯಿತು. ಗಡಿಯಾರ ಪರಪ್ಪನ ಮೊದಲಿನ ಕೈಗೆ ಹೋಯಿತು. ಕನ್ನಡಿಯೊಳಗೆ ಅಪ್ಪ ಕಣ್ಣು ಮುಚ್ಚಿ, ಎಡಗೈಯಲ್ಲಿ, ಸಪ್ಪಳವಿಲ್ಲದೆ ನುಡಿಸುತ್ತಿದ್ದ.