ಉಪ್ಪಿಲ್ಲದ ಬ್ರೆಡ್ಡು

ಮೇಷ್ಟ್ರು ಅರ್ಧ ಕೊಯ್ದ ಬ್ರೆಡ್ಡನ್ನು ತಂದು ಕೌಂಟರಿನ ಮೇಲೆ ಕುಕ್ಕಿದಾಗಲೇ ಬೇಕರಿಯವನ ಹೆಂಡತಿಗೆ ಗೊತ್ತಾಯಿತು, ಮತ್ತೆ ಎಡವಟ್ಟಾಗಿದೆ.

"ಉಪ್ಪಿಗಿಂತ ರುಚಿಯಿಲ್ಲ ಅಂತಾರೆ. ನಿಮ್ಮ ಬ್ರೆಡ್ಡಿಗೆ ಆ ಗಾದೆ ಯಾರೂ ಹೇಳಿಕೊಟ್ಟಿಲ್ಲ ಅನ್ಸುತ್ತೆ," ಎಂದರು ಮೇಷ್ಟ್ರು.

ಅವಳು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಸಪ್ಪೆ. ಅವಳು ಮಾತಾಡುವ ಮೊದಲೇ ಗಂಡ ಒಳಗಿನಿಂದ ಓಡಿಬಂದ.

"ನಾನೇ ಮರೆತೆ ಮೇಷ್ಟ್ರೇ. ಆ ಹಾಳು ಮಾತ್ರೆ ನನ್ನ ತಲೆ ತಿಂತಾ ಇದೆ." ಬೇರೆ ಬ್ರೆಡ್ಡು ಕಟ್ಟಿಕೊಟ್ಟ. ಜಾಡಿಯಿಂದ ನಾಲ್ಕು ಬಿಳಿ ಪೆಪ್ಪರ್‌ಮಿಂಟು ತೆಗೆದು, ಮೊಮ್ಮಗಳಿಗೆ ಕೊಡಿ ಎಂದು ಅವರ ಕೈಗೆ ಹಾಕಿದ.

ತಪ್ಪು ಒಪ್ಪಿಕೊಳ್ಳುವುದರಲ್ಲಿ ಅವನು ಯಾವಾಗಲೂ ಮುಂದು. ಕೇಳುವ ಮೊದಲೇ ಒಪ್ಪಿಕೊಳ್ಳುವ ಗಂಡ ಯಾರಿಗುಂಟು ಎಂದು ಪಕ್ಕದ ಅಂಗಡಿಯ ದರ್ಜಿಯ ಹೆಂಡತಿ ಹೊಟ್ಟೆಕಿಚ್ಚು ಪಡುತ್ತಿದ್ದಳು. ಇವಳ ಹೊಟ್ಟೆಯೊಳಗಿನ ಸಂಕಟ ಅವಳಿಗೇನು ಗೊತ್ತು? ಇವತ್ತು ಉಪ್ಪು ಮರೆತವನು ನಾಳೆ ಹೆಂಡತಿಯನ್ನೇ ಮರೆತರೆ?

ಹಿಟ್ಟು ಕಲಸುವಾಗ ಅವಳು ಮಾತು ತೆಗೆದಳು. "ಮೇಷ್ಟ್ರ ಗಾದೆ ಕೇಳಿದ್ರಾ? ಮಾನ ಹೋಯ್ತು."

"ಅದು ಮೊನ್ನೆ ಮಾತು, ಬಿಡು."

"ಮೊನ್ನೆ? ಇವತ್ತು ಬೆಳಿಗ್ಗೆ ಬಂದಿದ್ರಲ್ರೀ."

ಅವನು ಒಂದು ಕ್ಷಣ ಅವಳನ್ನೇ ನೋಡಿದ. "ಹೌದು ಹೌದು, ಇವತ್ತೇ. ನನಗೆಲ್ಲ ಕಲಸುಮೇಲೋಗರ," ಎಂದು ನಕ್ಕು, ಅವಳ ಕೈಯಳತೆಯಲ್ಲಿದ್ದ ಉಪ್ಪಿನ ಡಬ್ಬವನ್ನು ತನ್ನ ಕಡೆಗೆ ಎಳೆದುಕೊಂಡ.

ಅವಳ ಸೋದರತ್ತೆಗೆ ಮೂರ್ಛೆರೋಗವಿತ್ತು. ಮನೆಯವರು ಹಿಂದಿನ ಕೋಣೆಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದ್ದರು, ಊಟ ಕಿಟಕಿಯಿಂದ. "ಅಂಥದ್ದು ನನಗೆ ಬಂದರೆ ನಾನು ಬದುಕಿರಲ್ಲ," ಎಂದು ಮದುವೆಯಾದ ಹೊಸತರಲ್ಲಿ ಗಂಡನಿಗೆ ಹೇಳಿದ್ದಳು. ಹೇಳಿ ವರ್ಷ ತುಂಬುವುದರೊಳಗೆ ಅವನೇ ತಲೆ ತಗ್ಗಿಸಿ ಕೂತು, ಆ ರೋಗ ತನಗಿದೆ ಎಂದ. ಅವಳು ಅವನ ಕೈ ಹಿಡಿದು, ಯಾವ ಕೋಣೆಗೂ ಚಿಲಕ ಹಾಕುವುದಿಲ್ಲ ಎಂದು ಆಣೆಯಿಟ್ಟಳು.

ಹಾಕಲಿಲ್ಲ. ಬಚ್ಚಲ ಬಾಗಿಲಿನ ಚಿಲಕವನ್ನೇ ಅವನು ಕಿತ್ತುಹಾಕಿದ. ಮೇಜಿನ ಮೂಲೆಗಳಿಗೆಲ್ಲ ಬಟ್ಟೆ ಸುತ್ತಿದ. ಆದರೆ ಒಲೆಯ ಹತ್ತಿರ ಮಾತ್ರ ಅವನೇ ನಿಲ್ಲಬೇಕು, ಅವಳನ್ನು ಬಿಡ. ಮೊಂಡ. ಅವಳಾದರೋ ಮಹಾ ಪುಕ್ಕಲಿ. ಅವನಿಗೆ ಬಂತೆಂದರೆ ಅವಳಿಗೆ ಕಣ್ಣು ಕತ್ತಲೆ. ಎಚ್ಚರವಾದಾಗ ಮೈಕೈ ನೋವು, ಅವನು ಪಕ್ಕದಲ್ಲಿ ಕೂತು ಅವಳ ಮುಖ ಒರೆಸುತ್ತಿರುತ್ತಾನೆ. ರೋಗಿಯ ಕೈಯಲ್ಲಿ ಆರೈಕೆ ಮಾಡಿಸಿಕೊಳ್ಳುವ ಹೆಂಡತಿ ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು.

ಆ ವಾರ ಇಬ್ಬರೂ ವೈದ್ಯರ ಬಳಿ ಹೋದರು. ವೈದ್ಯರು ಪ್ರಶ್ನೆಗಳನ್ನೆಲ್ಲ ಅವಳನ್ನೇ ಕೇಳಿದರು. ಇದು ಯಾವ ತಿಂಗಳು, ಬೆಳಿಗ್ಗೆ ಏನು ತಿಂದಿರಿ. ಮರೆವಿನವನ ಮಾತು ನಂಬಿ ಕೂತರೆ ಆದೀತೇ?

"ಇದು ಹಳೇ ಮಾತ್ರೆ," ಎಂದರು ಕೊನೆಗೆ. "ಬಹಳ ವರ್ಷ ತಗೊಂಡರೆ ಕೆಲವರಿಗೆ ಹೀಗೆ ಮರೆವು ಬರುತ್ತೆ. ನಿಧಾನವಾಗಿ ಬೇರೆದಕ್ಕೆ ಬದಲಾಯಿಸಬಹುದು. ಆದರೆ ನೀವಾಗೇ ಒಂದು ದಿನವೂ ಬಿಡಬಾರದು."

"ಬದಲಾಯಿಸಿ ಡಾಕ್ಟ್ರೇ," ಎಂದಳು ಅವಳು.

"ಬೇಡ," ಎಂದ ಗಂಡ. "ಬದಲಾಯಿಸೋ ಹೊತ್ತಲ್ಲಿ ಬಿದ್ದುಬಿಟ್ರೆ? ಉಪ್ಪಿಲ್ಲದ ಬ್ರೆಡ್ಡು ತಿಂದು ಯಾರೂ ಸಾಯಲ್ಲ."

ವೈದ್ಯರು ಇಬ್ಬರ ಮುಖವನ್ನೂ ನೋಡಿ, ಯೋಚಿಸಿ ಬನ್ನಿ ಎಂದು ಕಳಿಸಿದರು.

ಅವಳು ದಾರಿಯುದ್ದಕ್ಕೂ ಯೋಚಿಸಿದಳು. ಹೇಳಿದರೆ ಕೇಳುವ ಪ್ರಾಣಿಯಲ್ಲ. ತಾನೇ ಏನಾದರೂ ಮಾಡಬೇಕು.

ಊಟವಾದ ಮೇಲೆ ಇಬ್ಬರೂ ಎದುರುಬದುರು ಕೂತು ಮಾತ್ರೆ ನುಂಗುವುದು ಆ ಮನೆಯ ರೂಢಿ. ಅವನದು ನರಗಳಿಗೆ, ಅವಳದು ರಕ್ತ ಹೆಚ್ಚಲು. ಎರಡೂ ಬಿಳಿ, ಎರಡೂ ದುಂಡಗೆ. ಅವನೇ ತರುತ್ತಿದ್ದ, ಅವನೇ ಎರಡು ಬಟ್ಟಲುಗಳಲ್ಲಿ ಹಾಕಿಡುತ್ತಿದ್ದ. ಅವಳದು ಕಹಿಯೆಂದರೆ ಕಹಿ, ನೀರು ಕುಡಿದರೂ ನಾಲಿಗೆ ಬಿಡುತ್ತಿರಲಿಲ್ಲ.

ಅವನು ಬಟ್ಟಲುಗಳನ್ನಿಟ್ಟು ಅಂಗಡಿಯ ಶಟರ್ ಎಳೆಯಲು ಹೋದ. ಅವಳು ಸರಕ್ಕನೆ ಎರಡನ್ನೂ ಅದಲುಬದಲು ಮಾಡಿದಳು. ವೈದ್ಯರ ಮಾತು ನೆನಪಿತ್ತು. ಬಿದ್ದರೆ ಹಿಡಿದುಕೊಳ್ಳಲು ತಾನಿದ್ದೇನೆ, ಈ ಸಲ ಹೆದರುವುದಿಲ್ಲ ಎಂದುಕೊಂಡಳು. ಅವನ ಮಾತ್ರೆ ಇನ್ನು ತನ್ನ ಪಾಲಿಗಿರಲಿ. ಮರೆವು ಬರುವುದಿದ್ದರೆ ತನಗೇ ಬರಲಿ, ಅವನ ತಲೆ ಉಳಿಯಲಿ.

ಅವನು ಬಂದು ಎದುರಿಗೆ ಕೂತ. ಅವಳು ಅನುಮಾನಕ್ಕೆ ಎಡೆಗೊಡದೆ ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು, ಅವನದೂ ತನ್ನದರಂತೆ ಕಹಿಯೇ ಇರಬೇಕೆಂದು ಮುಖ ಸಿಂಡರಿಸಿ ಸಿದ್ಧವಾದಳು.

ಕಹಿ ಬರಲಿಲ್ಲ. ಸಿಹಿ. ತಂಪು. ಜಾಡಿಯ ಪೆಪ್ಪರ್‌ಮಿಂಟು.

ಗಂಡ ತನ್ನ ಬಟ್ಟಲಿನಲ್ಲಿದ್ದುದನ್ನು ನೋಡಿದ, ಅವಳ ಮುಖ ನೋಡಿದ. ಅವನ ಕಣ್ಣು ತುಂಬಿತು. ಬಟ್ಟಲನ್ನು ಮೆಲ್ಲಗೆ ಅವಳ ಮುಂದೆ ಸರಿಸಿದ.

"ಇದನ್ನ ನುಂಗಿಬಿಡು," ಎಂದ. "ನಾನು ಯಾವತ್ತೂ ಬಿದ್ದೋನಲ್ಲ ಕಣೇ."