ಬೆಂಕಣ್ಣ ಏಳಲಿಲ್ಲ

ಬೆಳಗಿನ ಗಂಟೆ ಮೂರು ಸಲ ಬಾರಿಸಿದರೂ ಬೆಂಕಣ್ಣ ಏಳಲಿಲ್ಲ.

ಅವನು ಸತ್ತಿದ್ದು ದೊಡ್ಡ ಸುದ್ದಿಯಲ್ಲ. ಆ ನೆಲಮಾಳಿಗೆಯಲ್ಲಿ ದಿನವೂ ಎಲ್ಲರೂ ಸಾಯುತ್ತಿದ್ದರು. ಅದೇ ಅವರ ಕೆಲಸ. ಮಧ್ಯಾಹ್ನ ಮೇಲಿನಿಂದ ವೀರರು ಕತ್ತಿ ಹಿಡಿದು ಇಳಿಯುತ್ತಿದ್ದರು. ಕೋಣೆ ಕೋಣೆಗೂ ನುಗ್ಗಿ, ಸಿಕ್ಕ ರಾಕ್ಷಸರನ್ನು ಕೊಂದು, ನೆನಪಿಗೆಂದು ಹಲ್ಲೋ ಕೊಂಬೋ ಕಿತ್ತುಕೊಂಡು, ಕೊನೆಯ ಕೋಣೆಯಲ್ಲಿ ಬೆಂಕಣ್ಣನೆಂಬ ಡ್ರ್ಯಾಗನ್ನಿನ ಕುತ್ತಿಗೆ ಕಡಿದು, ಹಾಡಿಕೊಂಡು ಹತ್ತಿ ಹೋಗುತ್ತಿದ್ದರು. ಮರುದಿನ ಗಂಟೆಯಾದರೆ ಸತ್ತವರೆಲ್ಲ ಎದ್ದು, ಹೊಸ ಹಲ್ಲು ಮೊಳೆಯುವ ನೋವು ನುಂಗಿಕೊಂಡು, ಬಾಗಿಲ ಹಿಂದೆ ಗುರುಗುಡುತ್ತ ನಿಲ್ಲಬೇಕು. ವಾರಕ್ಕೆ ಏಳು ದಿನ.

ಗಂಟೆಗೆ ಏಳದ ಹೆಣ ಇದೇ ಮೊದಲು. ಇದು ಕೊಲೆಯೇ ಎಂದು ಮೇಸ್ತ್ರಿ ತೀರ್ಮಾನಿಸಿದ.

ಮೇಸ್ತ್ರಿ ರಕ್ತಪಿಶಾಚಿ. ನೆಲಮಾಳಿಗೆಯಲ್ಲಿ ಸಾಯದೆ ಕೆಲಸ ಮಾಡುವವನು ಅವನೊಬ್ಬನೇ. ಮೇಲಿನ ಬಾಗಿಲು ಮುಚ್ಚಿಸಿದ್ದರಿಂದ ವೀರರ ಸಾಲು ಬೆಳೆಯುತ್ತಿತ್ತು; ಅವನಿಗೆ ಈಗಿಂದೀಗ ಒಬ್ಬ ಕೊಲೆಗಾರ ಬೇಕಿತ್ತು. ಸಿಕ್ಕವಳು ಲೋಳಕ್ಕ. ಮೈಯೆಲ್ಲ ಲೋಳೆಯಾದ ಅವಳು ನೆಲದ ಮೇಲೆ ತೆವಳುತ್ತ ಬೆಂಕಣ್ಣನ ಕೋಣೆಯ ರಕ್ತ ತೊಳೆಯುವವಳು. ಕೊನೆಗೆ ಅವನ ಬಳಿ ಇದ್ದವಳೂ ಅವಳೇ.

"ಸಂಜೆ ಗಂಟೆಯೊಳಗೆ ಬೇರೆ ಹೆಸರು ಸಿಗದಿದ್ರೆ ಇವಳ ಮೇಲೆ ಉಪ್ಪು ಸುರಿದು ಮೋರಿಗೆ ಬಿಡ್ತೀನಿ," ಎಂದ ಮೇಸ್ತ್ರಿ.

ಉಪ್ಪು ಬಿದ್ದ ಲೋಳೆ ಯಾವ ಗಂಟೆಗೂ ಏಳುವುದಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

ಪಕ್ಕದ ಕೋಣೆಯಿಂದ ಅಸ್ಥಿಪಂಜರವಾದ ಮೂಳೆಯಣ್ಣ ದನಿ ಎತ್ತಿದ. ತಾನು ಬದುಕಿದ್ದಾಗ ಪತ್ತೇದಾರನಾಗಿದ್ದೆನೆಂದೂ, ಬಾಗಿಲು ತೆರೆದರೆ ವಿಚಾರಣೆ ನಡೆಸುವೆನೆಂದೂ ಹೇಳಿದ. ಅದು ಸುಳ್ಳು ಎನ್ನಲು, ಅವನನ್ನು ಬದುಕಿದ್ದಾಗ ಕಂಡವರು ಯಾರೂ ಉಳಿದಿರಲಿಲ್ಲ. ಉಪ್ಪಿನ ಮಾತು ಕೇಳಿದಾಗ ಮಾತ್ರ ಅವನ ದವಡೆ ಒಂದು ಕ್ಷಣ ಜೋತುಬಿದ್ದಿತ್ತು.

ರಕ್ತ ತೊಳೆಯುವ ಲೋಳಕ್ಕನನ್ನು ಬಿಟ್ಟರೆ, ತನ್ನ ಹೊಸ್ತಿಲು ದಾಟುವುದು ಅಲ್ಲಿ ಯಾರಿಗೂ ಸಲ್ಲದು. ಉಳಿದವರು ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಬೆಂಕಣ್ಣನಿಗೂ ಮೂಳೆಯಣ್ಣನಿಗೂ ಹನ್ನೆರಡು ವರ್ಷದ ಗೆಳೆತನವಿತ್ತು, ಅದೂ ಗೋಡೆಯ ಬಿರುಕಿನಲ್ಲಿ. ಮೇಸ್ತ್ರಿ ಗೊಣಗುತ್ತಲೇ ಬೀಗದ ಕೈಗೊಂಚಲು ಎತ್ತಿಕೊಂಡ.

ಮೂಳೆಯಣ್ಣ ಪಕ್ಕೆಲುಬಿಗೆ ಕೋಟು ಸಿಕ್ಕಿಸಿದ. ಬೀಡಿ ಹಚ್ಚಿದ, ಹೊಗೆ ಎದೆಯ ಸಂದುಗಳಿಂದ ಹೊರಬಂತು. ಹೆಣವನ್ನು ಅರ್ಧ ನಿಮಿಷ ನೋಡಿದ, ಅಷ್ಟೆ. ಮೂತಿ ಇನ್ನೂ ಬೆಚ್ಚಗಿದೆಯಲ್ಲ ಎಂದು ಮೇಸ್ತ್ರಿ ಕೇಳಿದ್ದಕ್ಕೆ, ಆರಿದ ಒಲೆಯ ಬೂದಿಯೂ ಬೆಚ್ಚಗಿರುತ್ತದೆ ಎಂದು ಹೇಳಿ ಹೊರಬಂದ. ಸಾಕ್ಷಿಗಳು ಹೆದರಬಾರದು, ಆದ್ದರಿಂದ ಪ್ರತಿ ಕೋಣೆಗೂ ತಾನೊಬ್ಬನೇ ಹೋಗಬೇಕು ಎಂದ. ಮೇಸ್ತ್ರಿ ಹೊರಗೆ ನಿಂತು ಬಾಗಿಲಿಗೆ ಕಿವಿಯಿಟ್ಟ.

ಎರಡು ತಲೆಯ ದೈತ್ಯನ ಕೋಣೆಯಲ್ಲಿ ಬಹಳ ಹೊತ್ತು ಪಿಸುಮಾತು ನಡೆಯಿತು. ಆಮೇಲೆ ಜಗಳ.

"ನನ್ನಿಂದಾಗಲ್ಲ, ನಂಗೆ ಭಯ," ಎಂದಿತು ಬಲಗಡೆಯ ತಲೆ.

"ನಿನ್ನ ಭಯಕ್ಕೆ ದಿನಾ ಕತ್ತಿಗೆ ಸಿಗೋದು ನನ್ನ ಕುತ್ತಿಗೇನೂ ಕಣೋ," ಎಂದಿತು ಎಡಗಡೆಯದು.

ಮೇಸ್ತ್ರಿಯ ಕಿವಿ ನೆಟ್ಟಗಾಯಿತು. ಮೂಳೆಯಣ್ಣ ಎರಡು ಹೆಬ್ಬೆಟ್ಟಿನ ಗುರುತು ಒತ್ತಿಸಿಕೊಂಡು ಹೊರಬಂದ.

ಮುಂದಿನ ಕೋಣೆ ಪೆಟ್ಟಿಗೆಜ್ಜಿಯದು. ನಿಧಿಯ ಪೆಟ್ಟಿಗೆಯಂತೆ ಕೂತು, ಆಸೆಬುರುಕರ ಕೈ ಕಚ್ಚುವುದು ಅವಳ ಕೆಲಸ. ಅಲ್ಲಿಯೂ ಮೊದಲು ಪಿಸುಮಾತು, ಆಮೇಲೆ ಮುಚ್ಚಳ ಕಿರುಗುಟ್ಟಿತು.

"ನನ್ನ ಹೆಸರು ಹೊರಗೆ ಬರತ್ತೇನಪ್ಪ?"

"ಎಲ್ಲರ ಹೆಸರೂ ಬರತ್ತೆ ಅಜ್ಜಿ."

"ಹಾಗಾದ್ರೆ ಸರಿ, ತಾ ಇಲ್ಲಿ."

ಅಜ್ಜಿಗೆ ಕೈಯಿಲ್ಲ. ಕಾಗದದ ಮೂಲೆಯನ್ನು ಕಚ್ಚಿ ಕೊಟ್ಟಳು.

ಹೀಗೆ ಒಂದಾದ ಮೇಲೊಂದು ಕೋಣೆ. ಪ್ರತಿ ಬಾಗಿಲ ಹಿಂದೆಯೂ ಹೆದರಿದ ದನಿ, ಆಮೇಲೆ ಕಾಗದದ ಸದ್ದು. ಮೇಸ್ತ್ರಿಯ ಮುಖ ಬಿಳಚಿಕೊಂಡೇ ಇದ್ದುದರಿಂದ ಇನ್ನಷ್ಟು ಬಿಳಚಿದ್ದು ಕಾಣಲಿಲ್ಲ.

"ಎಲ್ಲರೂ ಸೇರಿ ಮಾಡಿದ್ದಾರೆ ಅಂತೀಯಾ?"

"ಎಲ್ಲರೂ ಅಂತ ಈಗಲೇ ಹೇಳಕ್ಕಾಗಲ್ಲ ಸ್ವಾಮಿ. ಇನ್ನೂ ಮೂರು ಕೋಣೆ ಬಾಕಿ ಇದೆ."

ಆಮೇಲೆ ಏನೋ ನೆನಪಾದವನಂತೆ, ಹೋದ ತಿಂಗಳು ಬೆಂಕಣ್ಣನಿಗೂ ಮೇಸ್ತ್ರಿಗೂ ಮಾತಿಗೆ ಮಾತು ಬೆಳೆದಿತ್ತಂತಲ್ಲ ಎಂದು ಕೇಳಿದ. ಮೇಸ್ತ್ರಿ ತಡವರಿಸಿದ. ವಾರಕ್ಕೊಂದು ದಿನ ಸಾಯದೆ ಇರಲು ರಜೆ ಕೇಳಿದ್ದ, ಒಬ್ಬ ಕೇಳಿದರೆ ಆಗದು ಎಂದು ತಾನು ನಕ್ಕು ಕಳಿಸಿದ್ದೆ, ಅಷ್ಟೇ ಎಂದ.

"ಅಷ್ಟಕ್ಕೇ ನಾನು ಕೊಲ್ತೀನೇನೋ?"

ಮೂಳೆಯಣ್ಣ ಅದನ್ನೂ ಬರೆದುಕೊಂಡ. ಮೇಸ್ತ್ರಿ ಅಲ್ಲಿಂದಾಚೆಗೆ ಅವನು ಕೇಳಿದ ಬಾಗಿಲನ್ನೆಲ್ಲ ಬಾಯಿಮುಚ್ಚಿ ತೆರೆದ.

ಸಂಜೆ ಗಂಟೆಯಾಯಿತು. ಕೊಲೆಗಾರನ ಹೆಸರನ್ನು ಎಲ್ಲರ ಮುಂದೆಯೇ ಹೇಳಬೇಕೆಂದು ಮೂಳೆಯಣ್ಣ ಪಟ್ಟುಹಿಡಿದಿದ್ದ. ನೆಲಮಾಳಿಗೆಯ ರಾಕ್ಷಸರೆಲ್ಲ ಮೊದಲ ಬಾರಿಗೆ ಒಂದೇ ಕೋಣೆಯಲ್ಲಿ, ಬೆಂಕಣ್ಣನ ಹೆಣದ ಸುತ್ತ ನೆರೆದರು. ಒಬ್ಬರನ್ನೊಬ್ಬರು ನೋಡಿದರು. ಇಷ್ಟೊಂದು ಜನ ಇದ್ದೇವಾ ಎಂದು ಯಾರೋ ಹಿಂದಿನಿಂದ ಅಂದರು. ಮೂಲೆಯಲ್ಲಿ ಲೋಳಕ್ಕ ಅದುರುತ್ತಿದ್ದಳು. ಅವಳು ಮೈಯೊತ್ತಿದ ಕಾಗದ ಇನ್ನೂ ಒದ್ದೆಯಾಗಿತ್ತು. ಮೇಸ್ತ್ರಿ ಉಪ್ಪಿನ ಚೀಲಕ್ಕೆ ಕೈ ಹಾಕಿದ. ದೈತ್ಯನ ದಪ್ಪ ಕಾಲು ಅದರ ಮೇಲೆ ಯಾಕೆ ಬಂದು ಕೂತಿತೋ ಅವನಿಗೆ ತಿಳಿಯಲಿಲ್ಲ.

"ಹೆಸರು ಹೇಳೋ."

"ಹೇಳ್ತೀನಿ ಸ್ವಾಮಿ. ಒಂದೇ ಒಂದು ಸಲ ಹೆಣ ನೋಡಿಬಿಡ್ತೀನಿ."

ಮೂಳೆಯಣ್ಣ ಮಂಡಿಯೂರಿ ಬೆಂಕಣ್ಣನ ಮೂತಿಯ ಬಳಿ ಬಾಗಿದ.

"ಎಲ್ಲರೂ ಒಪ್ಪಿದ್ರಾ ಅಣ್ಣ?" ಕಣ್ಣು ಮುಚ್ಚಿಕೊಂಡೇ ಹೆಣ ಪಿಸುಗುಟ್ಟಿತು.

"ನಲವತ್ತೊಂದು ಜನ, ನಲವತ್ತೆರಡು ತಲೆ, ರಜೆ ಅರ್ಜಿ ನನ್ನ ಕೈಲಿದೆ. ಏಳು ತಮ್ಮ, ಸತ್ತಿದ್ದು ಸಾಕು."