ಪಾಲಿಗೆ ಬಂದ ಬೆಳಕಿಂಡಿ

ಬೆಳಕಿಂಡಿಯ ಮೇಲೆ ಬೋರಲು ಹಾಕಿದ್ದ ಗಡಿಗೆ ಈ ಸಲವೂ ಉರುಳಿತು. ಮಾಳಿಗೆಯ ಮೇಲೆ ಅದು ಗಡಗಡ ಹೊರಳಿದ ಸದ್ದು ಕೇಳಿ, ಮೊಮ್ಮಗನ ನೆತ್ತಿಗೆ ಎಣ್ಣೆ ಒತ್ತುತ್ತಿದ್ದ ಹುಚ್ಚವ್ವ ಹಲ್ಲು ಕಡಿದಳು. ಹಿಂದೆಯೇ ತಣ್ಣನೆಯ ಗಾಳಿ ಇಳಿಯಿತು. ಬಾಣಂತಿ ಮಗಳು ಅಮೃತವ್ವನ ಹೊರಸಿನ ಕೆಳಗೆ ಇಟ್ಟ ಅಗ್ಗಿಷ್ಟಿಕೆ ಇದ್ದೂ ಇಲ್ಲದಂತಾಯಿತು. ಕೂಸು ಮತ್ತೆ ಕೆಮ್ಮತೊಡಗಿತು.

"ಏ ಶೇಖವ್ವಾ, ಮತ್ತ ಕೋಲಿಲೆ ತಿವಿದ್ಯಾ?" ಹುಚ್ಚವ್ವ ನಡುಗೋಡೆಯತ್ತ ತಿರುಗಿ ಕೂಗಿದಳು.

"ತಿವೀಲಾರದ ಏನ ಮಾಡ್ಲಿ ಯಕ್ಕಾ?" ಗೋಡೆಯಾಚೆಯಿಂದ ಮೈದುನನ ಹೆಂಡತಿಯ ದನಿ ಬಂತು. "ನಮ್ಮ ಒಲಿ ಹೊಗಿ ಹೋಗಾಕ ಇರೋದು ಅದೊಂದ ಕಿಂಡಿ. ನಾ ರೊಟ್ಟಿ ಬಡೀಲೋ, ಕಣ್ಣು ತಿಕ್ಕೊಂತ ಕುಂಡ್ರಲೋ?"

ಇದೆಲ್ಲ ಅಸುಂಡಿಯ ಪಂಚರು ಮಾಡಿಟ್ಟ ನ್ಯಾಯ. ಯುಗಾದಿಗೆ ಮುಂಚೆ ಹುಚ್ಚವ್ವನ ಗಂಡ ಕಳಕಪ್ಪ, ಅವನ ತಮ್ಮ ಹೇಮಪ್ಪ ಪಾಲಾದಾಗ ಮನೆಯ ನಟ್ಟನಡುವೆ ಹಗ್ಗ ಹಿಡಿದು ಗೋಡೆಗೆ ಗುರುತು ಹಾಕಿದರು. ಹಗ್ಗ ನೆಲದ ಮೇಲಿತ್ತು, ಪಂಚರ ಕಣ್ಣೂ ನೆಲದ ಮೇಲೆಯೇ ಇತ್ತು. ಗೋಡೆ ಎದ್ದ ಮೇಲೆ ನೋಡಿದರೆ ಬೆಳಕಿಂಡಿ ಸರಿಯಾಗಿ ಅದರ ನೆತ್ತಿಯ ಮೇಲೆ! "ಇರಲಿ ಬಿಡ್ರಿ, ಬೆಳಕು ಇಬ್ಬರಿಗೂ ಬೇಕಲ್ಲ" ಎಂದು ಗೋಡೆಯನ್ನು ಕಿಂಡಿಗಿಂತ ಗೇಣು ಕೆಳಗೆ ನಿಲ್ಲಿಸಿ, ಚಹಾ ಕುಡಿದು ಎದ್ದು ಹೋದರು. ಬೇಸಿಗೆಯಲ್ಲಿ ಎರಡೂ ಮನೆಗೆ ಗಾಳಿ ಬೇಕಿತ್ತು, ಮಳೆ ಬಂದಾಗ ಎರಡೂ ಮನೆಗೆ ಮುಚ್ಚುವುದು ಬೇಕಿತ್ತು. ಜಗಳಕ್ಕೆ ಜಾಗವೇ ಇರಲಿಲ್ಲ. ಈಗ ದೀಪಾವಳಿಯ ಜೊತೆಗೆ ಥಂಡಿ ಬಂದಿತ್ತು. ಈ ಮನೆಯವರಿಗೆ ಕಿಂಡಿ ಮುಚ್ಚಬೇಕು, ಆ ಮನೆಯವರಿಗೆ ತೆರೆಯಬೇಕು. ಬೇರೊಂದು ಕಿಂಡಿ ತೋಡಿಕೊಳ್ಳೋ ಎಂದರೆ "ನನ್ನ ಅರ್ಧ ಯಾಕ ಬಿಡ್ಲಿ?" ಎನ್ನುತ್ತಾನೆ ಹೇಮಪ್ಪ. ಬಾಣಂತಿಯನ್ನು ಬೇರೆ ಕಡೆ ಮಲಗಿಸೋಣವೆಂದರೆ ಕಳಕಪ್ಪನ ಪಾಲಿಗೆ ಬಂದದ್ದೇ ಒಂದು ಕೋಣೆ.

ಇಷ್ಟಾದರೂ ಕನ್ನಡ ನಾಡು ಒಂದಾಯಿತೆಂದು ಗದಗಿನಲ್ಲಿ ಮೆರವಣಿಗೆ ಎದ್ದಾಗ ಇಬ್ಬರೂ ಒಂದೇ ಚಕ್ಕಡಿಯಲ್ಲಿ ಹೋಗಿದ್ದರು. ಜೈಕಾರ ಹಾಕಿ ಹಾಕಿ ಗಂಟಲು ಕಟ್ಟಿಸಿಕೊಂಡು ಈಗಷ್ಟೇ ಬಂದು, ಚಕ್ಕಡಿ ಇಳಿದು, ತಮ್ಮ ತಮ್ಮ ಬಾಗಿಲು ಹಿಡಿದಿದ್ದರು.

"ಏನ್ರಿ, ನಾಡು ಒಂದ ಮಾಡಿ ಬಂದ್ರಲ್ಲಾ, ಈ ಕಿಂಡಿಗೆ ಒಂದ ದಾರಿ ಮಾಡ್ತೀರೋ ಇಲ್ಲೋ?" ಗಂಡ ರುಮಾಲು ಬಿಚ್ಚುವ ಮೊದಲೇ ಹುಚ್ಚವ್ವ ಎರಗಿದಳು. "ಗಂಡಹೆಂಡರ ಜಗಳದಾಗ ಕೂಸು ಬಡವಾತು ಅಂತ ಕೇಳಿದ್ದೆ. ಇಲ್ಲಿ ಅಣ್ಣತಮ್ಮರ ಜಗಳದಾಗ ಬಡವಾಗಾಕತ್ತೈತಿ. ಕೂಸು ಉಳೀಬೇಕೋ ಬ್ಯಾಡೋ?"

ಕಳಕಪ್ಪನಿಗೆ ರೋಷ ಬಂತು. ಮಾಳಿಗೆ ಹತ್ತಿ ಗಡಿಗೆ ಬೋರಲು ಹಾಕಿ, ಸುತ್ತ ಕೆಸರು ಮೆತ್ತಿ, ಮೇಲೆ ಒಡೆದ ಬೀಸುಕಲ್ಲಿನ ಹೋಳು ಹೇರಿದ. ಇನ್ನು ಕೋಲಿನಿಂದಲ್ಲ, ಹಾರೆಯಿಂದ ತಿವಿದರೂ ಅದು ಅಲುಗುವಂತಿರಲಿಲ್ಲ.

ಶೇಖವ್ವನ ಒಲೆಯಲ್ಲಿ ಹಸಿ ಕಟ್ಟಿಗೆ. ಹೊಗೆ ಮೇಲೆದ್ದು ದಾರಿ ಕಾಣದೆ, ಗೋಡೆಯ ಮೇಲಿನ ಗೇಣು ಸಂದಿಯಿಂದ ಈ ಕಡೆ ಸುರಿಯಿತು. ನೋಡನೋಡುತ್ತ ಎರಡೂ ಮನೆ ತುಂಬಿದವು. ಕೂಸು ಕೆಮ್ಮಿ ಕೆಮ್ಮಿ ಕೆಂಪಾಯಿತು, ಉಸಿರು ಸಿಕ್ಕಿಕೊಂಡಿತು.

"ಯವ್ವಾ, ಥಂಡೀನ ಬೇಸಿತ್ತು!" ಎಂದು ಅಮೃತವ್ವ ಅಳತೊಡಗಿದಳು.

ಅಷ್ಟರಲ್ಲಿ ಹೇಮಪ್ಪ ನಿಚ್ಚಣಿಕೆ ಹತ್ತಿ ಮೇಲೆ ಬಂದಿದ್ದ. "ಅಣ್ಣಾ, ತಗಿ ಅದನ್ನ! ಅರ್ಧ ನಂದೈತಿ!"

"ನಾ ನನ್ನ ಅರ್ಧ ಮುಚ್ಚೀನಿ. ನಿನ್ನ ಅರ್ಧ ನೀ ತಕ್ಕೋ."

"ಅರ್ಧ ಗಡಿಗಿ ಹೆಂಗ ತಗೀಲಿ?"

ಮೇಲೆ ಈ ಶಾಸ್ತ್ರಾರ್ಥ ನಡೆದಿರುವಾಗ, ಕೆಳಗೆ ಹುಚ್ಚವ್ವ ಕೂಸನ್ನು ಕೌದಿಯಲ್ಲಿ ಸುತ್ತಿಕೊಂಡು ಬೀದಿಗೆ ಓಡಿಬಂದಳು. ಪಕ್ಕದ ಬಾಗಿಲಿಂದ ಶೇಖವ್ವ ಕಣ್ಣೀರು ಸುರಿಸುತ್ತ, ಹೊಗೆಯಾಡುವ ಕೊಳ್ಳಿಗಳನ್ನು ಹೊರಗೆಳೆದು ಎಸೆಯುತ್ತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಪಾಲಾದಂದಿನಿಂದ ಹುಚ್ಚವ್ವ ಆ ಹೊಸ್ತಿಲು ತುಳಿದಿರಲಿಲ್ಲ.

"ಹೊರಗ ಗಾಳಿ ಐತಿ ಯಕ್ಕಾ, ಒಳಗ ಬಾ," ಎಂದಳು ಶೇಖವ್ವ. "ಹೊಗಿ ಕಟಿಗಿ ಎಲ್ಲಾ ತಗದೀನಿ, ಕೆಳಗಿನ ಹೊಗಿ ಬಾಗಲಾಗಿಂದ ಹೋಗೇತಿ, ಒಲ್ಯಾಗ ಬರೇ ಕೆಂಡ ಅದಾವು. ನನ್ನ ಸಿಟ್ಟು ಕೂಸಿನ ಮ್ಯಾಲ್ಯಾಕ?"

ಕೂಸು ಮತ್ತೊಮ್ಮೆ ಕೆಮ್ಮಿತು. ಹುಚ್ಚವ್ವ ಹೊಸ್ತಿಲು ದಾಟಿದಳು. ತಲೆತುಂಬ ಸೆರಗು ಹೊದ್ದು ಅಮೃತವ್ವನೂ ಹಿಂದೆ ನಡೆದಳು.

ಮಾಳಿಗೆಯ ಮೇಲೆ ಕಲ್ಲನ್ನು ಒಬ್ಬ ಅತ್ತ ನೂಕಿದ, ಗಡಿಗೆಯನ್ನು ಇನ್ನೊಬ್ಬ ಇತ್ತ ಜಗ್ಗಿದ. ಫಟ್ಟನೆ ಗಡಿಗೆ ಸೀಳಿತು. ಇಬ್ಬರ ಕೈಯಲ್ಲೂ ಅರ್ಧರ್ಧ ಉಳಿಯಿತು. ಅಂತೂ ಪಾಲು ಸರಿಯಾಗಿತ್ತು! ಕಿಂಡಿಯಿಂದ ಹೊಗೆ ಭುಸ್ಸೆಂದು ಎದ್ದು ಅವರ ಮುಖಕ್ಕೇ ಬಡಿಯಿತು.

ಹೊಗೆ ತಿಳಿಯಾದಾಗ ಕೆಳಗೆ ಸದ್ದೇ ಇರಲಿಲ್ಲ. ಕಳಕಪ್ಪ ಕಿಂಡಿಯತ್ತ ಕಿವಿಗೊಟ್ಟ.

"ತಮ್ಮಾ... ಕೂಸಿನ ದನಿ ಕೇಳವಲ್ದಲ್ಲೋ?"

ಹೋಳುಗಳನ್ನು ಬಿಸಾಕಿ ಇಬ್ಬರೂ ಒಟ್ಟಿಗೇ ಬಗ್ಗಿದರು, ಹಣೆಗೆ ಹಣೆ ತಾಗಿತು. ಆ ಕಿಂಡಿಯಿಂದ ಮಾತ್ರ ಎರಡೂ ಮನೆ ಒಟ್ಟಿಗೆ ಕಾಣುತ್ತಿದ್ದವು. ಗೋಡೆಯ ಈ ಕಡೆ ಬರಿದಾದ ಹೊರಸು. ಆ ಕಡೆ ಒಲೆಯ ಸುತ್ತ ಮೂವರು ಹೆಂಗಸರು. ಶೇಖವ್ವನ ತೊಡೆಯ ಮೇಲೆ ಕೂಸು. ಆಕೆ ಅಂಗೈಯನ್ನು ಕೆಂಡಕ್ಕೆ ಹಿಡಿದು ಕಾಸಿ, ಅದರ ಎದೆಗೆ ಒತ್ತುತ್ತಿದ್ದಳು. ಕೂಸು ಬಾಯಿ ತೆರೆದುಕೊಂಡು ನಿದ್ದೆ ಹೋಗಿತ್ತು.

ಒಮ್ಮೆಲೇ ಒಳಗೆ ಕತ್ತಲಾಯಿತೆಂದು ಹುಚ್ಚವ್ವ ಮೇಲೆ ನೋಡಿದಳು.

"ಗಡಿಗಿ ಹೋತು ಅಂದ್ರ ಈಗ ನಿಮ್ಮ ತಲಿ ಬಂದು ಮುಚ್ಕೊಂಡ್ವಾ? ಸರೀರಿ ಅತ್ತಾಗ, ಬೆಳಕು ಬರಲಿ."